ಬಂದು ಹೋಗುವ ನೀರಿನ ಕಾಡು

ಕಡೂರು ತಾಲ್ಲೂಕಿನ ಸಿಂಗಟಗೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಕೆರೆಯಲ್ಲಿ ನೀರಿರುವುದು ಮಾತ್ರ ಮಳೆರಾಯನ ಮರ್ಜಿ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ದಟ್ಟ ಕಾಡು, ಮಂಜು ಮುಸುಕಿದ ಗಿರಿಗಳನ್ನು ನೆನೆಯುವವರಿಗೆ ಅದೇ ಜಿಲ್ಲೆಯ ಪೂರ್ವದ ಬಯಲಿನಲ್ಲಿರುವ ಈ ಹೋಬಳಿಯ ಪರಿಚಯ ಕಡಿಮೆ. ಮುಂಗಾರಿನ ಮೋಡಗಳು ಬಾಬಾಬುಡನ್‌ಗಿರಿಯ ಸಾಲಿನ ಮೇಲೆಯೇ ಬಹುಪಾಲು ಬರಿದಾಗಿ, ಕಡೂರಿನ ಬಯಲಿಗೆ ಗಾಳಿಯನ್ನಷ್ಟೇ ಕಳುಹಿಸುತ್ತವೆ. ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ. ಅಷ್ಟರಲ್ಲಿಯೇ ರಾಗಿ ಬೆಳೆಯಬೇಕು, ತೆಂಗು ಉಳಿಯಬೇಕು, ಕೆರೆ ತುಂಬಬೇಕು.

ಇಂಥ ಸೀಮೆಯ ಕೆರೆಗಳ ಅಂಗಳದಲ್ಲಿ ಒಂದು ಸಾಮಾನ್ಯ ನೋಟವುಂಟು. ನೀರು ಹಿಂದೆ ಸರಿದ ಜಾಗದಲ್ಲಿ ಕರಿಜಾಲಿ ಮರಗಳು ಸಾಲಾಗಿ ಬೆಳೆದಿರುತ್ತವೆ. ಒಳ್ಳೆಯ ಮಳೆಯಾದ ವರ್ಷ ಈ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಲ್ಲುತ್ತವೆ. ಕೆಲವು ತಿಂಗಳು ಕಳೆದು ನೀರು ಇಳಿದರೆ ಮತ್ತೆ ಚಿಗುರುತ್ತವೆ. ಆದರೆ ಕೆರೆ ಎರಡು ಮೂರು ವರ್ಷ ಬಿಡದೆ ತುಂಬಿಯೇ ನಿಂತರೆ ಅದೇ ಜಾಲಿ ಸಾಯುತ್ತದೆ. ತೊಗಟೆ ಕಳಚಿ ಬಿಳಿಚಿಕೊಂಡ ಅದರ ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತವೆ.

ನೀರಿಲ್ಲದೆ ಮರ ಸಾಯುವುದನ್ನು ಕಡೂರಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಣಗಿದ ತೆಂಗಿನ ತೋಟಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಉಪ್ಪಲ್ಲದ, ವಿಷವಲ್ಲದ, ಕುಡಿಯಲು ಯೋಗ್ಯವಾದ ಸಿಹಿನೀರಿನಲ್ಲಿ ನಿಂತ ಮರವೂ ಸಾಯುವುದೇಕೆ? ಕೆಲವು ಮರಗಳು ಮಾತ್ರ ಅದೇ ನೀರಿನಲ್ಲಿ ನೂರಾರು ವರ್ಷ ಬಾಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗುವ ಒಂದು ಜಾಗವಿದೆ. ಅಲ್ಲಿಗೆ ಹೋಗಲು ಕಡೂರಿನಿಂದ ಹೆದ್ದಾರಿ ಬದಲಾಯಿಸುವ ಅಗತ್ಯವೂ ಇಲ್ಲ.

ಒಂದೇ ರಸ್ತೆ, ಎರಡು ಲೋಕ

ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುವ ಹೆದ್ದಾರಿಯನ್ನು ಹಳಬರು ಇಂದಿಗೂ 206 ಎಂದೇ ಕರೆಯುತ್ತಾರೆ. ಈಗ ಅದರ ಸಂಖ್ಯೆ 69. ತುಮಕೂರಿನ ಕಡೆಯಿಂದ ಬರುವ ಈ ರಸ್ತೆ ಶಿವಮೊಗ್ಗ, ಸಾಗರ, ತಾಳಗುಪ್ಪಗಳನ್ನು ದಾಟಿ, ಘಟ್ಟ ಇಳಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಬಯಲುಸೀಮೆಯ ಶಾಲೆಗಳ ಪ್ರವಾಸದ ಬಸ್ಸುಗಳಿಗೆ ಇದು ಚಿರಪರಿಚಿತ ದಾರಿ. ಜೋಗ ನೋಡುವುದು, ಘಟ್ಟ ಇಳಿಯುವುದು, ಇಡಗುಂಜಿ, ಮುರ್ಡೇಶ್ವರ ಮುಗಿಸಿ ಮರಳುವುದು. ಮಾವಿನಗುಂಡಿ ದಾಟಿದ ಮೇಲೆ ತಿರುವುಗಳು ಶುರುವಾಗುತ್ತವೆ. ಹುಡುಗರಲ್ಲಿ ಅರ್ಧ ಮಂದಿ ನಿದ್ದೆಗೆ ಜಾರಿರುತ್ತಾರೆ, ಇನ್ನರ್ಧ ಮಂದಿ ನಿಂಬೆಹಣ್ಣು ಮೂಸುತ್ತಿರುತ್ತಾರೆ. ನಮ್ಮ ರಾಜ್ಯದ ಅತ್ಯಂತ ಅಪರೂಪದ ಕಾಡೊಂದು ಕಿಟಕಿಯ ಹೊರಗೆ ಹಾದುಹೋಗುವುದು ಆ ಹೊತ್ತಿನಲ್ಲಿಯೇ. ಅದರ ಹೆಸರು ಕತ್ತಲೆಕಾನು.

ಅಲ್ಲಿಗೆ ತಲುಪುವ ಮುನ್ನ ತರೀಕೆರೆಯ ಬಳಿ ಒಂದು ಕ್ಷಣ ನಿಲ್ಲಬೇಕು. ಈ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಕಣಿವೆಯ ಕಾಡು ಮುಳುಗಿತು. ಬೇಸಗೆಯಲ್ಲಿ ಜಲಾಶಯದ ನೀರು ತಗ್ಗಿದಾಗ ಅಂದು ಮುಳುಗಿದ ಮರಗಳ ಬೊಡ್ಡೆಗಳು ಇಂದಿಗೂ ತಲೆಯೆತ್ತುತ್ತವೆ. ಘಟ್ಟದ ಮೇಲಿನ ಲಿಂಗನಮಕ್ಕಿಯಲ್ಲೂ ಇದೇ ದೃಶ್ಯ. 1964ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡಿತು, ಅದರ ಹಿನ್ನೀರಿನಲ್ಲಿ ಒಣಗಿದ ಮರಗಳು ಇನ್ನೂ ನಿಂತಿವೆ. ಇವೆಲ್ಲ ಸಿಹಿನೀರಿನಲ್ಲಿ ಸತ್ತ ಮರಗಳು. ಅಲ್ಲಿಂದ ಮುಂದೆ, ಅದೇ ಶರಾವತಿ ಕಣಿವೆಯಲ್ಲಿ, ಸಿಹಿನೀರಿನಲ್ಲಿಯೇ ಬದುಕಿರುವ ಕಾಡು ಕಾದಿದೆ.

ಮೊಣಕಾಲೂರಿದ ಮರಗಳು

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಹೆಸರಿಗೆ ತಕ್ಕಂತೆ ನಡು ಮಧ್ಯಾಹ್ನವೂ ಮಬ್ಬಾಗಿಯೇ ಇರುತ್ತದೆ. ಮಲೆನಾಡಿನಲ್ಲಿ ಕಾನು ಎಂದರೆ ಎಲ್ಲ ಕಾಡೂ ಅಲ್ಲ. ಸದಾ ಹಸಿರಾಗಿರುವ, ತೊರೆ ಹುಟ್ಟುವ, ಊರವರು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 3000 ಮಿ.ಮೀ. ದಾಟುತ್ತದೆ. ಸಿಂಗಟಗೆರೆಯ ಸೀಮೆ ಐದು ವರ್ಷಗಳಲ್ಲಿ ಕಾಣುವ ಮಳೆ ಇಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ.

ಕಾನಿನ ತಗ್ಗಿನಲ್ಲಿ ಎರಡು ಇಳಿಜಾರುಗಳ ನಡುವೆ ತೊರೆಯೊಂದು ನಿಧಾನವಾಗಿ ಹರಡಿಕೊಂಡು ಹರಿಯುತ್ತದೆ. ಅದಕ್ಕೆ ಒಂದೇ ಪಾತ್ರವಿಲ್ಲ; ಬೇರುಗಳ ನಡುವೆ ಹತ್ತಾರು ಎಳೆಗಳಾಗಿ ಒಡೆದು, ಕಪ್ಪು ಕೆಸರಿನ ಮೇಲೆ ತೆಳ್ಳಗೆ ಜಾರುತ್ತದೆ. ಇಂಥ ತಗ್ಗಿಗೆ ಸ್ಥಳೀಯರು ಜಡ್ಡಿ ಎನ್ನುತ್ತಾರೆ. ಇಲ್ಲಿನ ಮುಖ್ಯ ಮರಗಳು ಜಾಯಿಕಾಯಿಯ ಬಳಗದವಾದ್ದರಿಂದ ರಾಂಪತ್ರೆ ಜಡ್ಡಿ ಎಂಬ ಹೆಸರೂ ರೂಢಿಯಲ್ಲಿದೆ. ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಜಾಪತ್ರೆಯ ಕಾಡು ನೆಂಟರು ಇವು. ಹೂ ಬಿಡುವ ಸಸ್ಯಗಳ ಪೈಕಿ ಬಹು ಪ್ರಾಚೀನವಾದ ಗುಂಪೊಂದಕ್ಕೆ ಸೇರಿದವು.

ಮೊದಲ ಬಾರಿ ನೋಡುವವರು ಬೆರಗಾಗುವುದು ಇವುಗಳ ಬೇರು ಕಂಡು. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ದೊಡ್ಡ ಮರದ ಕಾಂಡದಿಂದ ಬೇರುಗಳು ಊರುಗೋಲುಗಳಂತೆ ಇಳಿಬಿದ್ದು ಕೆಸರನ್ನು ಹಿಡಿದಿರುತ್ತವೆ. ಅದರ ಪಕ್ಕದ ಜಿಮ್ನಾಕ್ರಾಂಥೆರಾ ಎಂಬ ಮರದ ಬೇರುಗಳದು ಇನ್ನೊಂದು ರೀತಿ. ಅವು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿನೊಳಕ್ಕೆ ಇಳಿಯುತ್ತವೆ. ನೆಲದ ತುಂಬ ಯಾರೋ ಮಂಡಿಯೂರಿ ಕುಳಿತಂತೆ ಕಾಣುತ್ತದೆ. ಅಂಚಿನಲ್ಲಿ ಮುಂಡಿಗೆಯ ಮುಳ್ಳೆಲೆಗಳು. ನೆರಳಿನಲ್ಲಿ ಪಿನಾಂಗಾ ಎಂಬ ತೆಳ್ಳನೆಯ ತಾಳೆ. ಅಡಿಕೆಯಂತೆಯೇ ಕಾಣುವ ಇದು ಅಡಿಕೆಯ ಕಾಡು ಸೋದರ. ಮೇಲಿನ ಕೊಂಬೆಗಳಲ್ಲಿ ಸಿಂಗಳೀಕಗಳ ಓಡಾಟ.

ತೊರೆಯ ಕಲ್ಲುಗಳ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಮಕ್ಕಳಿಗೆ ನೆಂಟನೊಬ್ಬ ಸಿಗುತ್ತಾನೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯನ್ನು 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ ಲೋಕಕ್ಕೆ ಪರಿಚಯಿಸಿದರು. ಅದೇ ಕುಲದ ಕಪ್ಪೆಗಳು ಕತ್ತಲೆಕಾನಿನ ತೊರೆಗಳಲ್ಲಿಯೂ ಇವೆ. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಕೇಳಿಸುವುದು ಕಷ್ಟ. ಆದ್ದರಿಂದ ಗಂಡು ಕಪ್ಪೆ ಹಿಂಗಾಲು ಚಾಚಿ ಬೆರಳು ಬಿಡಿಸಿ ಸನ್ನೆ ಮಾಡುತ್ತದೆ. ಹೆಣ್ಣು ತೊರೆಯ ತಳದ ಗರಸನ್ನು ಹಿಂಗಾಲಿನಿಂದ ತೋಡಿ ಮೊಟ್ಟೆಗಳನ್ನು ಹೂತಿಡುತ್ತದೆ. ಹರಿವು ನಿಂತರೂ ಕಷ್ಟ, ಮೇಲಿನಿಂದ ಹೂಳು ಬಂದು ಮುಚ್ಚಿದರೂ ಕಷ್ಟ. ಜಡ್ಡಿಯ ಎಲ್ಲ ಜೀವಿಗಳ ಪಾಡೂ ಹೆಚ್ಚುಕಡಿಮೆ ಇದೇ.

ನೀರಿನಲ್ಲಿ ನಿಂತು ಬಾಡುವುದು

ಬೇರಿಗೆ ನೀರು ಬೇಕು ಎಂಬುದು ಎಲ್ಲರಿಗೂ ಗೊತ್ತು. ಗಾಳಿಯೂ ಬೇಕು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಬೇರಿನ ಜೀವಕೋಶಗಳು ನಮ್ಮಂತೆಯೇ ಆಮ್ಲಜನಕ ಬಳಸಿ ಸಕ್ಕರೆಯಿಂದ ಶಕ್ತಿ ಪಡೆಯುತ್ತವೆ. ಸಡಿಲವಾದ ಮಣ್ಣಿನ ಸಂದುಗಳಲ್ಲಿರುವ ಗಾಳಿ ಇದನ್ನು ಒದಗಿಸುತ್ತದೆ. ನೀರು ನಿಂತಾಗ ಆ ಸಂದುಗಳೆಲ್ಲ ತುಂಬಿಹೋಗುತ್ತವೆ. ನೀರಿನೊಳಗೆ ಆಮ್ಲಜನಕ ಪಸರಿಸುವ ವೇಗ ಗಾಳಿಯಲ್ಲಿ ಪಸರಿಸುವ ವೇಗದ ಸುಮಾರು ಹತ್ತು ಸಾವಿರದ ಒಂದು ಭಾಗ ಮಾತ್ರ. ಇದ್ದಷ್ಟನ್ನು ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸುತ್ತವೆ. ಆಮೇಲೆ ಬೇರು ಗಾಳಿಯಿಲ್ಲದ ಉಸಿರಾಟಕ್ಕೆ ಇಳಿಯಬೇಕು. ಅದರಿಂದ ಸಿಗುವ ಶಕ್ತಿ ಮೊದಲಿನ ಹದಿನೈದನೆಯ ಒಂದು ಭಾಗದಷ್ಟು. ನೀರನ್ನು ಹೀರುವ ಕೆಲಸಕ್ಕೂ ಬೇರಿಗೆ ತ್ರಾಣ ಉಳಿಯುವುದಿಲ್ಲ. ಹೀಗಾಗಿ ಬುಡದಲ್ಲಿ ನೀರು ತುಂಬಿದ್ದರೂ ತುದಿಯಲ್ಲಿ ಎಲೆ ಬಾಡುತ್ತದೆ. ಜೊತೆಗೆ ಗಾಳಿಯಿಲ್ಲದ ಕೆಸರಿನಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಕೆಲಸ ಆರಂಭಿಸಿ, ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನೂ ಬೇರಿಗೆ ಹಾನಿಕರವಾದ ಇತರ ವಸ್ತುಗಳನ್ನೂ ಹುಟ್ಟಿಸುತ್ತವೆ.

ಮನೆಯಲ್ಲಿಯೇ ಇದನ್ನು ನೋಡಬಹುದು. ತಳಕ್ಕೆ ತೂತಿಲ್ಲದ ಎರಡು ಡಬ್ಬಿಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ಮೆಣಸಿನ ಸಸಿ, ಇನ್ನೊಂದರಲ್ಲಿ ಭತ್ತದ ಸಸಿ ನೆಟ್ಟು, ಮಣ್ಣಿನ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಬೇಕು. ಕೆಲವೇ ದಿನಗಳಲ್ಲಿ ಮೆಣಸಿನ ಗಿಡ ಎಲೆ ಇಳಿಬಿಟ್ಟು ಹಳದಿಯಾಗುತ್ತದೆ. ಭತ್ತ ನಗುತ್ತಲೇ ಇರುತ್ತದೆ. ಭತ್ತದ ಕಾಂಡ, ಬೇರುಗಳೊಳಗೆ ಸಣ್ಣ ಕೊಳವೆಗಳಂಥ ಗಾಳಿಯ ಅಂಕಣಗಳಿವೆ. ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ದಾರಿ ಅದು.

ಜಡ್ಡಿಯ ಮರಗಳೂ ಇದೇ ಸಮಸ್ಯೆಯನ್ನು ತಮ್ಮದೇ ಉಪಾಯದಿಂದ ಬಿಡಿಸಿಕೊಂಡಿವೆ. ಊರುಗೋಲು ಬೇರು, ಮೊಣಕಾಲು ಬೇರುಗಳ ತೊಗಟೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ನೀರಿನ ಮೇಲೆ ಚಾಚಿದ ಭಾಗ ಗಾಳಿಯನ್ನು ಒಳಗೆಳೆದು ಕೆಸರಿನೊಳಗಿನ ಬೇರಿಗೆ ತಲುಪಿಸುತ್ತದೆ. ಇದೇ ಹೆದ್ದಾರಿ ಮುಗಿಯುವ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ, ಉಪ್ಪುನೀರಿನ ಕಾಂಡ್ಲಾ ಮರಗಳೂ ಹೀಗೆಯೇ ಉಸಿರಾಡುತ್ತವೆ.

ಆದರೆ ಈ ಉಪಾಯಕ್ಕೂ ಒಂದು ಮಿತಿಯಿದೆ. ಉಸಿರಾಡುವ ಬೇರು ನೀರಿನ ಮೇಲಿರಬೇಕು. ನೀರಿನ ಮಟ್ಟ ಏರಿ ಅದೂ ಮುಳುಗಿಬಿಟ್ಟು ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಜಡ್ಡಿಯ ಮರಕ್ಕೂ ಉಸಿರು ಕಟ್ಟುತ್ತದೆ. ಮಟ್ಟ ಇಳಿದು ಕೆಸರು ಒಣಗಿದರೆ ಬೇರೆ ಮರಗಳು ನುಗ್ಗುತ್ತವೆ. ಕೆರೆಯ ಭಾಷೆಯಲ್ಲಿ ಹೇಳುವುದಾದರೆ, ಆರೋಗ್ಯವಂತ ಜಡ್ಡಿ ಎಂದರೆ ತೂಬು ಸದಾ ಸ್ವಲ್ಪ ತೆರೆದಿರುವ ಕೆರೆ. ಮೇಲಿನಿಂದ ನೀರು ಬರುತ್ತಲೇ ಇರಬೇಕು, ಕೆಳಗೆ ಹೋಗುತ್ತಲೇ ಇರಬೇಕು. ಹೀಗೆ ಚಲಿಸುವ ನೀರು ತನ್ನೊಂದಿಗೆ ಒಂದಿಷ್ಟು ಆಮ್ಲಜನಕವನ್ನೂ ಹೊತ್ತು ತರುತ್ತದೆ.

ಅಮೆರಿಕದ ಸೈಪ್ರೆಸ್ ಕಲಿಸುವ ಪಾಠ

ಮೊಣಕಾಲು ಬೇರಿನ ಇನ್ನೊಂದು ಪ್ರಸಿದ್ಧ ಕಾಡು ಭೂಮಿಯ ಆಚೆ ಬದಿಯಲ್ಲಿದೆ. ಅಮೆರಿಕದ ಲೂಯಿಸಿಯಾನಾ ಮತ್ತಿತರ ದಕ್ಷಿಣದ ರಾಜ್ಯಗಳ ಜೌಗುಗಳಲ್ಲಿ ಬೋಳು ಸೈಪ್ರೆಸ್ ಎಂಬ ಮರ ಬೆಳೆಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುವುದರಿಂದ ಆ ಹೆಸರು. ಅದರ ಬೇರಿನಿಂದ ಮೇಲೆದ್ದ ಗೂಟಗಳನ್ನು ಅಲ್ಲಿನವರೂ ಮೊಣಕಾಲು ಎಂದೇ ಕರೆಯುತ್ತಾರೆ. ಅವು ಉಸಿರಾಟಕ್ಕಾಗಿಯೋ, ಮರವನ್ನು ಕೆಸರಿನಲ್ಲಿ ಗಟ್ಟಿಯಾಗಿ ನಿಲ್ಲಿಸುವುದಕ್ಕಾಗಿಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಈ ಮರದ ಆಯುಸ್ಸು ಮಾತ್ರ ದೊಡ್ಡದು. ಉತ್ತರ ಕೆರೊಲಿನಾದ ಬ್ಲ್ಯಾಕ್ ನದಿಯ ದಂಡೆಯ ಜೌಗಿನಲ್ಲಿರುವ ಒಂದು ಮರಕ್ಕೆ ಕನಿಷ್ಠ 2,624 ವರ್ಷ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬುದ್ಧ ಹುಟ್ಟುವ ಮೊದಲೇ ಆ ಮರ ಸಸಿಯಾಗಿತ್ತು ಎಂದಾಯಿತು!

ಇಷ್ಟು ಗಟ್ಟಿ ಮರದ ಕಾಡುಗಳೂ ಕಳೆದ ಶತಮಾನದಲ್ಲಿ ಸೊರಗಿದವು. 1927ರ ಭೀಕರ ಪ್ರವಾಹದ ನಂತರ ಮಿಸಿಸಿಪ್ಪಿ ನದಿಯ ದಡಗಳ ಏರಿಗಳನ್ನು ಇನ್ನಷ್ಟು ಬಲಪಡಿಸಲಾಯಿತು. ಊರುಗಳಿಗೆ ರಕ್ಷಣೆ ಸಿಕ್ಕಿತು. ಆದರೆ ಪ್ರತಿ ವರ್ಷ ನದಿಯಿಂದ ಜೌಗಿಗೆ ಬರುತ್ತಿದ್ದ ಸಿಹಿನೀರೂ ಮೆಕ್ಕಲು ಮಣ್ಣೂ ನಿಂತವು. ನೆಲ ಕುಸಿಯುತ್ತ ಹೋಯಿತು, ನೀರು ಹೊರಹೋಗದೆ ಮಡುಗಟ್ಟಿತು. ಹಡಗುಗಳಿಗೆಂದು 1960ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬಳಿ ತೋಡಿದ ಕಾಲುವೆಯ ಮೂಲಕ ಕಡಲಿನ ಉಪ್ಪುನೀರು ಒಳನುಗ್ಗಿ ಅಪಾರ ಸೈಪ್ರೆಸ್ ಮರಗಳನ್ನು ಕೊಂದಿತು. 2005ರ ಕತ್ರಿನಾ ಚಂಡಮಾರುತದ ಅನಾಹುತದ ನಂತರ, 2009ರಲ್ಲಿ ಆ ಕಾಲುವೆಗೆ ಕಲ್ಲಿನ ಒಡ್ಡು ಹಾಕಿ ಮುಚ್ಚಬೇಕಾಯಿತು. ಸೊರಗಿದ ಜೌಗುಗಳಿಗೆ ನದಿಯ ಸಿಹಿನೀರನ್ನು ಮತ್ತೆ ಹರಿಸುವ ಯೋಜನೆಗಳಿಗೆ ಈಗ ಅಲ್ಲಿ ಕೋಟ್ಯಂತರ ಡಾಲರ್ ಖರ್ಚಾಗುತ್ತಿದೆ.

ಅಲ್ಲಿನ ವಿಜ್ಞಾನಿಗಳು ಗಮನಿಸಿದ ಒಂದು ಸಂಗತಿ ನಮಗೂ ಮುಖ್ಯ. ಬೆಳೆದ ಸೈಪ್ರೆಸ್ ಸದಾ ನಿಂತ ನೀರಿನಲ್ಲಿಯೂ ದಶಕಗಳ ಕಾಲ ಬದುಕಬಲ್ಲದು. ಆದರೆ ಅದರ ಬೀಜ ನೀರಿನಡಿಯಲ್ಲಿ ಮೊಳೆಯುವುದಿಲ್ಲ. ಮೊಳೆಯಲು ಕೆಲವು ವಾರಗಳಾದರೂ ನೀರು ಇಳಿದ ಹಸಿ ನೆಲ ಬೇಕು. ಮೊಳೆತ ಸಸಿ ಮುಂದಿನ ಪ್ರವಾಹ ಬರುವುದರೊಳಗೆ ನೀರಿನ ಮೇಲೆ ತಲೆಯೆತ್ತುವಷ್ಟು ಬೆಳೆಯಬೇಕು. ನೀರು ಇಳಿಯದೇ ಹೋದರೆ ಕಾಡು ನೋಡಲು ಹಸಿರಾಗಿಯೇ ಇರುತ್ತದೆ. ಆದರೆ ಅದು ಮಕ್ಕಳಿಲ್ಲದ ಊರು. ಮುದುಕರು ಒಬ್ಬೊಬ್ಬರಾಗಿ ಹೋದ ಮೇಲೆ ಉಳಿಯುವುದು ನೀರು ಮಾತ್ರ.

ಜಡ್ಡಿಗೆ ಬರುವ ಮೂರು ರೋಗಗಳು

ಈ ಕಣ್ಣಿನಿಂದ ನೋಡಿದರೆ ನಮ್ಮ ಜಡ್ಡಿಗಳ ಕಷ್ಟ ಸ್ಪಷ್ಟವಾಗುತ್ತದೆ. ಮೊದಲನೆಯದು ಬಸಿಗಾಲುವೆ. ಅಡಿಕೆಗೆ ತೇವ ಬೇಕು, ನಿಂತ ನೀರು ಬೇಡ. ಆದ್ದರಿಂದ ಮಲೆನಾಡಿನ ರೈತರು ತೋಟದ ಸಾಲುಗಳ ನಡುವೆ ಕಾಲುವೆ ತೋಡಿ ನೀರು ಬಸಿಯುತ್ತಾರೆ. ಕಣಿವೆಯ ತಳದಲ್ಲಿ ವರ್ಷವಿಡೀ ನೀರಿರುವ, ಫಲವತ್ತಾದ ಜಡ್ಡಿಯ ಜಾಗ ತೋಟಕ್ಕೂ ಗದ್ದೆಗೂ ಹೇಳಿ ಮಾಡಿಸಿದಂಥದು. ಹೀಗೆ ಎಷ್ಟೋ ಜಡ್ಡಿಗಳು ತಲೆಮಾರುಗಳ ಹಿಂದೆಯೇ ತೋಟಗಳಾದವು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಹೊಟ್ಟೆಪಾಡು ಅದು, ಜಡ್ಡಿಯ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಉಳಿದ ಜಡ್ಡಿಯ ಮೇಲ್ಭಾಗದ ತೊರೆಯನ್ನು ಬೇರೆಡೆಗೆ ತಿರುಗಿಸಿದರೂ ಪರಿಣಾಮ ಅದೇ. ಕೆಸರು ಒಣಗುತ್ತದೆ. ರಾಂಪತ್ರೆ ಬಳಗದ ಬೀಜಗಳು ದೊಡ್ಡವು, ಹಸಿಯಾದವು. ರಾಗಿಯಂತೆ ಒಣಗಿಸಿ ಕಾಪಿಡುವಂಥವಲ್ಲ. ಒಣಗಿದವೆಂದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ.

ಎರಡನೆಯದು ಮಡುಗಟ್ಟುವ ನೀರು. ಜಡ್ಡಿಯ ಕೆಳಗೆ ರಸ್ತೆಯ ಮೋರಿ ಕಿರಿದಾದರೆ, ಅಡ್ಡಲಾಗಿ ಒಡ್ಡು ಕಟ್ಟಿದರೆ, ಹರಿವು ನಿಂತು ಮಟ್ಟ ಏರುತ್ತದೆ. ನೀರು ಉಳಿಸುವ ಒಳ್ಳೆಯ ಉದ್ದೇಶದಿಂದ ಕಟ್ಟಿದ ಒಡ್ಡೂ ತಪ್ಪು ಜಾಗದಲ್ಲಿದ್ದರೆ ಉಸಿರಾಡುವ ಬೇರುಗಳನ್ನು ಮುಳುಗಿಸಬಲ್ಲದು. ಈ ಮಾತು ಕಡೂರು ಸೀಮೆಗೂ ಹೊಸದಲ್ಲ. ಇಲ್ಲಿನ ವೇದಾ, ಅವತಿ ತೊರೆಗಳು ಕೂಡಿ ಆಗುವ ವೇದಾವತಿ ಮುಂದೆ ವಾಣಿವಿಲಾಸ ಸಾಗರವನ್ನು ತುಂಬಿಸುತ್ತದೆ. 1907ರಲ್ಲಿ ಪೂರ್ಣಗೊಂಡ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಸೀಮೆಯೆಲ್ಲ ಸಂಭ್ರಮಿಸಿದ ಆ ವರ್ಷವೇ ಹಿನ್ನೀರಿನ ಅಂಚಿನ ಹೊಸದುರ್ಗ ತಾಲ್ಲೂಕಿನ ತೋಟಗಳ ರೈತರು ಬುಡದಲ್ಲಿ ನಿಂತ ನೀರನ್ನು ಕಂಡು ಕಂಗಾಲಾದರು. ಬರಕ್ಕೆ ಬೆದರಿದ್ದ ನಾಡಿನಲ್ಲಿಯೂ ಹೋಗದ ನೀರು ಹೊರೆಯಾಗಬಲ್ಲದು.

ಮೂರನೆಯದು ಹೂಳು. ಮೇಲಿನ ಇಳಿಜಾರಿನಲ್ಲಿ ಕಾಡು ಕಡಿದರೆ, ರಸ್ತೆಗೆ ಗುಡ್ಡ ಕೊರೆದರೆ, ಮಳೆನೀರು ಇಂಗುವ ಬದಲು ಒಮ್ಮೆಲೇ ಕೆಂಪಾಗಿ ನುಗ್ಗುತ್ತದೆ. ಕೆಸರಿನಲ್ಲಿ ಆಗ ತಾನೆ ಬೇರೂರಿದ ಸಸಿಗಳು ಕೊಚ್ಚಿಹೋಗುತ್ತವೆ. ಉಳಿದವು ಮಣ್ಣಿನಡಿ ಮುಚ್ಚಿಹೋಗುತ್ತವೆ. ಮೊಣಕಾಲು ಬೇರುಗಳ ರಂಧ್ರಗಳ ಮೇಲೂ ಹೂಳಿನ ಪದರ ಕೂರುತ್ತದೆ. ಮಳೆ ಮುಗಿದ ಮೇಲೆ ಇಂಗಿದ ನೀರಿಲ್ಲದ ತೊರೆ ಬೇಸಗೆಗೆ ಮುನ್ನವೇ ಬತ್ತುತ್ತದೆ. ಪ್ರವಾಹ, ಬರ ಎರಡೂ ಒಂದೇ ವರ್ಷದಲ್ಲಿ ಬರುವುದು ಹೀಗೆ.

ಆದ್ದರಿಂದ ಜಡ್ಡಿಯ ಆರೋಗ್ಯ ತಿಳಿಯಬೇಕಾದರೆ ತಲೆಯೆತ್ತಿ ದೊಡ್ಡ ಮರಗಳನ್ನು ನೋಡಿದರೆ ಸಾಲದು, ತಲೆ ತಗ್ಗಿಸಿ ಸಸಿಗಳನ್ನು ಎಣಿಸಬೇಕು. ಈ ವರ್ಷ ಮೊಳೆತವು, ಮೊಣಕಾಲೆತ್ತರದವು, ಆಳೆತ್ತರದವು, ಎಲ್ಲ ವಯಸ್ಸಿನವೂ ಇದ್ದರೆ ನೀರು ಸರಿಯಾಗಿ ಬಂದು ಹೋಗುತ್ತಿದೆ ಎಂದರ್ಥ.

ಉಳಿದಿರುವುದು ಎಷ್ಟು?

ಭಾರತದ ಈ ಜಾಯಿಕಾಯಿ ಜೌಗುಗಳನ್ನು ಕೆ. ಕೃಷ್ಣಮೂರ್ತಿ ಅವರು 1960ರಲ್ಲಿ ತಿರುವಾಂಕೂರಿನ ಕಾಡುಗಳ ಕುರಿತ ಪ್ರಬಂಧದಲ್ಲಿ ವಿವರಿಸಿದರು. ದಕ್ಷಿಣ ಕೇರಳದಲ್ಲಿ ಸುಮಾರು 60 ತುಣುಕುಗಳಿವೆ. ಎಲ್ಲವನ್ನೂ ಕೂಡಿಸಿದರೂ ಸುಮಾರು 150 ಹೆಕ್ಟೇರ್. ಉತ್ತರ ಕನ್ನಡದ ಜಡ್ಡಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು 1990ರ ದಶಕದಿಂದ ಹುಡುಕಿ ದಾಖಲಿಸಿದರು. ಗೋವೆಯಲ್ಲಿಯೂ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿಯೂ ಒಂದೆರಡು ತುಣುಕುಗಳು ಉಳಿದಿರುವುದು ದೇವರ ಕಾಡುಗಳೆಂಬ ಕಾರಣಕ್ಕೆ.

ಕತ್ತಲೆಕಾನಿನಲ್ಲಿ ಮಾತ್ರ ಇನ್ನೊಂದು ಕತೆ ನಡೆಯಿತು. ಇಲ್ಲಿನ ಜಡ್ಡಿಯಲ್ಲಿ ಗೇರು ಬಳಗದ, ಅದುವರೆಗೆ ವಿಜ್ಞಾನಕ್ಕೆ ಗೊತ್ತಿರದ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಗುರುತಿಸಿ, 2000ದಲ್ಲಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಹೆದ್ದಾರಿಯಿಂದ ಕೂಗಳತೆಯಲ್ಲಿ ಇಷ್ಟು ದೊಡ್ಡ ಮರ ಅಷ್ಟು ಕಾಲ ಹೆಸರಿಲ್ಲದೆ ನಿಂತಿತ್ತು! ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಂದು ಜಡ್ಡಿಯಲ್ಲಿ ಉಳಿದ ನಾಲ್ಕಾರು ಮರಗಳೆಲ್ಲ ಗಂಡೇ ಆದರೆ ಅಲ್ಲಿ ಬೀಜವಿಲ್ಲ. ಹೆಣ್ಣಿದ್ದು ಬೀಜವಾದರೂ ಬಿದ್ದ ಜಾಗ ಒಣಗಿದ್ದರೆ ಸಸಿಯಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಬೆಂಗಳೂರಿನ ವಿಜ್ಞಾನಿಗಳು ಇದರ ಹೂವು, ಬೀಜ, ಸಸಿಗಳ ಲೆಕ್ಕ ಹಿಡಿದು ಅಧ್ಯಯನ ನಡೆಸಿದ್ದು ಈ ಆತಂಕದಿಂದಲೇ.

2011ರಲ್ಲಿ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸಿದಾಗ ಕತ್ತಲೆಕಾನು ಅದರೊಳಗೆ ಸೇರಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಿ 930 ಚ.ಕಿ.ಮೀ. ವಿಸ್ತಾರದ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಕಾಗದದ ಮೇಲೆ ರಕ್ಷಣೆ ಸಿಕ್ಕಿದೆ. ಆದರೆ ಗಡಿಗೆರೆಯಿಂದ ಮರ ಕಡಿಯುವುದನ್ನು ತಡೆಯಬಹುದು, ನೀರಿನ ದಾರಿಯನ್ನು ಕಾಯಲು ತೊರೆ ಹುಟ್ಟುವ ಇಳಿಜಾರಿನಿಂದ ಕೆಳಗಿನ ಮೋರಿಯವರೆಗೂ ಕಣ್ಣಿಡಬೇಕು.

ನಾಲ್ಕಾರು ಎಕರೆ ಕೆಸರಿಗೆ ಇಷ್ಟೊಂದು ಚಿಂತೆ ಏಕೆ ಎಂದು ಪೋಷಕರು ಕೇಳಬಹುದು. ಕೆಳಗಿನ ತೋಟದವರನ್ನು ಕೇಳಿದರೆ ಉತ್ತರ ಸಿಗುತ್ತದೆ. ಜಡ್ಡಿ ಮಳೆಗಾಲದ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟು ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತದೆ. ಸ್ವಾಭಾವಿಕ ಕಾಡಿರುವ ಜಲಾನಯನದ ತೊರೆಗಳು ವರ್ಷವಿಡೀ ಹರಿದರೆ, ನೆಡುತೋಪುಗಳ ತೊರೆಗಳು ಬೇಗ ಬತ್ತುತ್ತವೆ ಎಂಬುದನ್ನು ಪರಿಸರ ವಿಜ್ಞಾನ ಕೇಂದ್ರದ ಅಧ್ಯಯನಗಳು ತೋರಿಸಿವೆ. ಜಡ್ಡಿಯನ್ನು ಬಸಿದು ತೋಟ ಮಾಡಿದರೆ ಒಂದು ತೋಟ ಹೆಚ್ಚುತ್ತದೆ. ಕೆಳಗಿನ ಹತ್ತು ತೋಟಗಳಿಗೆ ಮಾರ್ಚಿಯಲ್ಲಿ ನೀರಿನ ಚಿಂತೆ ಹತ್ತುತ್ತದೆ.

ಹೋಗುವವರಿಗೆ ಎರಡು ಮಾತು

ಕತ್ತಲೆಕಾನು ವಿಹಾರತಾಣವಲ್ಲ, ಅಭಯಾರಣ್ಯದ ಭಾಗ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಐವತ್ತು ಮಕ್ಕಳು ಒಮ್ಮೆಲೇ ಕೆಸರಿಗಿಳಿದರೆ ಉಸಿರಾಡುವ ಬೇರುಗಳೂ, ಎಣಿಸಬೇಕಾದ ಸಸಿಗಳೂ ಕಾಲಡಿ ಸಿಕ್ಕು ನಾಶವಾಗುತ್ತವೆ. ಅದರ ಬದಲು ಜೋಗದಿಂದ ಇಳಿಯುವಾಗ ಶಿಕ್ಷಕರು ಬಸ್ಸಿನಲ್ಲಿಯೇ ಮಕ್ಕಳನ್ನು ಎಬ್ಬಿಸಿ ಕಿಟಕಿಯಿಂದ ಕಾನನ್ನು ತೋರಿಸಿದರೆ ಸಾಕು. ಉಸಿರಾಡುವ ಬೇರುಗಳನ್ನು ಹತ್ತಿರದಿಂದ ನೋಡಲು ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾವನದಲ್ಲಿ ಮರದ ಹಲಗೆಯ ಕಾಲುದಾರಿಯಿದೆ. ಮುರ್ಡೇಶ್ವರಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಅಲ್ಲಿ ನಿಂತರೆ ಪಠ್ಯಪುಸ್ತಕದ ಒಂದು ಪಾಠ ಕಣ್ಣೆದುರು ನಿಲ್ಲುತ್ತದೆ.

ಪ್ರವಾಸ ಮುಗಿಸಿ ಸಿಂಗಟಗೆರೆಗೆ ಮರಳಿದ ಮಕ್ಕಳಿಗೆ ಊರ ಸುತ್ತಲಿನ ಕೆರೆಗಳಲ್ಲಿಯೇ ಮುಂದಿನ ಪಾಠವಿದೆ. ನೀರು ಇಳಿಯುತ್ತಿರುವ ಅಂಗಳದಲ್ಲಿ ಬಿರುಕು ಬಿಡುವ ಮುನ್ನಿನ ಹಸಿ ಮಣ್ಣನ್ನು ಗಮನಿಸಿದರೆ ಬೆರಳುದ್ದದ ಜಾಲಿ ಸಸಿಗಳು ಕಾಣುತ್ತವೆ. ಕಾಯಿ ತಿಂದ ಮೇಕೆಗಳು ಬೀಜ ಉದುರಿಸಿ ಹೋಗಿರುತ್ತವೆ, ತುಂಬಿದ ನೀರು ಮಣ್ಣನ್ನು ನೆನೆಸಿರುತ್ತದೆ, ಇಳಿದ ನೀರು ಅವಕ್ಕೆ ಜಾಗ ಬಿಟ್ಟಿರುತ್ತದೆ. ಮುಂದಿನ ಮಳೆಗೆ ಕೆರೆ ತುಂಬುವುದರೊಳಗೆ ಅವು ಎಷ್ಟು ಎತ್ತರ ಬೆಳೆದಾವು? ಒಂದು ಕೋಲು, ಒಂದು ನೋಟ್‌ಪುಸ್ತಕ ಇದ್ದರೆ ಯಾವ ವಿದ್ಯಾರ್ಥಿಯಾದರೂ ವಾರಕ್ಕೊಮ್ಮೆ ಅಳೆದು ಬರೆದಿಡಬಹುದು.